ದಾರ ಕಟ್ಟಿದ ತಂತಿ

೩ ಮಾರ್ಚ್, ಸೋಮವಾರ. ಸಂಜೆ ೬

ಎಂಟು ಮುಗಿಯಿತು. ನಾಳೆಗೆ ಇನ್ನೂ ನಾಲ್ಕು. ಬೆರಳ ತುದಿ ಉರಿಯುತ್ತಿದೆ.

ಹಳೆಯ ಕಂಪ್ಯೂಟರುಗಳ ಪವರ್ ಸಪ್ಲೈ ಡಬ್ಬಿಗಳು. ಗುಜರಿ ಅಂಗಡಿಯವನು ಪ್ಲಗ್ಗುಗಳನ್ನು ಕತ್ತರಿಸಿಯೇ ಕೊಡುತ್ತಾನೆ. ಉಳಿಯುವುದು ಬಣ್ಣಬಣ್ಣದ ತಂತಿಗಳ ಕಂತೆ. ಕಂಪ್ಯೂಟರ್ ಇಲ್ಲದೆ ಈ ಡಬ್ಬಿ ಎಚ್ಚರಗೊಳ್ಳುವುದಿಲ್ಲ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ, ಕಂಪ್ಯೂಟರ್ ಇದೆಯೆಂದು ನಂಬಿ ಫ್ಯಾನ್ ತಿರುಗಿಸುತ್ತದೆ. ಆಮೇಲೆ ಹಳದಿ ತಂತಿಗಳಿಂದ ಮೈನಿಂಗ್ ಬೋರ್ಡಿಗೆ ಕರೆಂಟ್. ತಮ್ಮನ ಶೆಡ್ಡಿನಲ್ಲಿ ಅಂಥ ಬೋರ್ಡುಗಳು ಇನ್ನೂರು. ಬಿಡುವಿಲ್ಲದೆ ಗುಣಿಸಿ ಭಾಗಿಸಿ, ಕಣ್ಣಿಗೆ ಕಾಣದ ಕ್ರಿಪ್ಟೋ ನಾಣ್ಯ ಅಗೆಯುತ್ತವೆ. ಜೋಡಿಸುವ ಮೇಜು ಇವರದು. ನಾನು ಶೆಡ್ಡಿನ ಶಾಖದ ರಿಜಿಸ್ಟರ್ ಬರೆಯುವವಳು. ಎಂ.ಎ. ಓದಿ.

ಡಬ್ಬಿಗೆ ಹಸಿರು ತಂತಿ ಒಂದೇ. ಅದಕ್ಕೆ ಬಿಳಿ ದಾರ ಕಟ್ಟುವುದು ನಾನು — ಮನೆಯಲ್ಲಿ, ಯಾರಿಗೂ ತಿಳಿಯದ ಹಾಗೆ. ಇವರ ಕಣ್ಣಿಗೆ ಹಸಿರು, ಕೆಂಪು, ಕಂದು ಮೂರೂ ಒಂದೇ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. "ಕಣ್ಣು ಉರೀತಿದೆ, ನೀನೇ ಕಟ್ಟಿಬಿಡು" ಅನ್ನುತ್ತಾರೆ. ಕಟ್ಟುತ್ತೇನೆ. ತಮ್ಮ ಅದನ್ನು ಭಾವನ ಅಚ್ಚುಕಟ್ಟು ಎಂದುಕೊಂಡಿದ್ದಾನೆ.

೪ ಮಾರ್ಚ್, ಮಂಗಳವಾರ. ಸಂಜೆ

ಶೆಡ್ಡಿನಲ್ಲಿ ಚಹಾದ ಹೊತ್ತಿಗೆ ಇವರು ನನ್ನ ಡ್ರಾಯರಿನಿಂದ ಕವನ ಸಂಕಲನ ತೆಗೆದರು. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಸಾಲುಗಳನ್ನು ಮೂಗಿನಲ್ಲಿ ಹಾಡಿದರು. ವೆಲ್ಡರ್, ವಾಚ್‌ಮನ್, ತಮ್ಮ — ಎಲ್ಲರೂ ಇದ್ದರು.

"ಭಾವ, ಸಾಕು ಬಿಡಿ. ಅಕ್ಕ ಬೈತಾಳೆ," ಅಂದ ತಮ್ಮ. ನಗುತ್ತಲೇ.

"ಯಾಕಯ್ಯ ಬೈತಾಳೆ? ನಿಮ್ಮಕ್ಕ ಮಹಾಕವಿ. ಮಕ್ಕಳಂತೂ ಆಗ್ಲಿಲ್ಲ, ಪದ್ಯ ಸಾಕ್ಕೊಂಡಿದಾಳೆ. ಒಳ್ಳೇದೇ ಆಯ್ತು. ಅಳಲ್ಲ, ಸ್ಕೂಲಿಗೆ ಬಿಡೋ ಹಾಗಿಲ್ಲ!"

ವೆಲ್ಡರ್ ಮೂಗಿನಿಂದ ಚಹಾ ಬಂತು. ತಮ್ಮನೂ ನಕ್ಕ. ಮೂರನೆಯ ಬಸಿರೂ ನಿಲ್ಲಲಿಲ್ಲವೆಂದಾಗ ಆಸ್ಪತ್ರೆಯಿಂದ ನನ್ನನ್ನು ಕೈಹಿಡಿದು ಕರೆತಂದವನು ಇದೇ ತಮ್ಮ.

ರಿಜಿಸ್ಟರಿನಲ್ಲಿ ೪೧ ಡಿಗ್ರಿ ಎಂದು ಬರೆದೆ. ಅಕ್ಷರ ಚೆನ್ನಾಗಿಯೇ ಬಂದಿದೆ.

ಮನೆಗೆ ಬಂದು, ಮೊದಲು ನಿನ್ನೆಯ ಎಂಟನ್ನೂ ಬಿಚ್ಚಿದೆ. ಹನ್ನೆರಡಕ್ಕೂ ಹೊಸದಾಗಿ ಕಟ್ಟಿದೆ. ಕೆಂಪಿಗೆ. ಇವರು ಎದುರಿಗೇ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದರು. ನೋಡಿದರು ಕೂಡ.

"ಆಯ್ತೇನೇ?"

"ಆಯ್ತು ರೀ."

ಕೆಂಪು, ಹಸಿರು — ಇವರ ಪಾಲಿಗೆ ಅವು ಬಣ್ಣಗಳೇ ಅಲ್ಲ. ನನ್ನ ಬಾಯಿಂದ ಹೊರಡುವ ಎರಡು ಶಬ್ದ, ಅಷ್ಟೆ.

೫ ಮಾರ್ಚ್, ಬುಧವಾರ

ಒಂದೂ ಏಳಲಿಲ್ಲ.

ಮೊದಲನೆಯದಕ್ಕೆ ಇವರು ಗುಜರಿಯವನನ್ನು ಬೈದರು. ಐದನೆಯದಕ್ಕೆ ಬೆವರಿದರು. ಹನ್ನೆರಡನೆಯದು ಮುಗಿದಾಗ ತಮ್ಮ ಮೊಬೈಲಿನಲ್ಲಿ ಯಾವುದೋ ವಿಡಿಯೋ ಹಾಕಿಕೊಂಡು ಬಂದ. ಎರಡು ಸಲ ನೋಡಿದ. ಮೇಜಿನ ಮೇಲೆ ಬಗ್ಗಿದ.

"ಭಾವ, ಇದು ಕೆಂಪು ಅಲ್ವಾ? ಹಸಿರನ್ನ ಕಪ್ಪಿಗೆ ಸೇರಿಸ್ಬೇಕು."

ತಾನೇ ಸೇರಿಸಿದ. ಫ್ಯಾನ್ ತಿರುಗಿತು. ಆ ಶಬ್ದ ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.

"ಕೈ ತಪ್ತು," ಅಂದರು ಇವರು.

"ಹನ್ನೆರಡರಲ್ಲೂ?"

ಇವರು ನನ್ನ ಕಡೆ ನೋಡಿದರು. ಒಂದು ಮಾತು ಸಾಕಿತ್ತು — ದಾರ ಕಟ್ಟಿದ್ದು ನಿಮ್ಮಕ್ಕ. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆ ಇವರಿಗೆ ಗೊತ್ತು. ಅವಳ್ಯಾಕೆ ಕಟ್ಟಿದಳು?

ಇಕ್ಕಳವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಇನ್ನೂರು ಬೋರ್ಡ್ ಇದೆ ಭಾವ. ಬೆಂಕಿ ಗಿಂಕಿ ಹತ್ಕೊಂಡ್ರೆ?" ಅಂದ ತಮ್ಮ, ಮೆಲ್ಲಗೆ. "ಸ್ವಲ್ಪ ದಿನ ಫಿಲ್ಟರ್ ಕಡೆ ನೋಡ್ಕೊಳ್ಳಿ. ಧೂಳು ಜಾಸ್ತಿಯಾಗಿದೆ."

೬ ಮಾರ್ಚ್, ಗುರುವಾರ. ಬೆಳಿಗ್ಗೆ

ತಿಂಡಿ ತಿನ್ನುವಾಗ ಕೇಳಿದರು, ತಟ್ಟೆ ನೋಡುತ್ತ:

"ನಿನ್ನ ಕಣ್ಣೂ ಮಂಜಾಗ್ತಿದೆಯೇನೋ. ವಯಸ್ಸಾಯ್ತಲ್ಲ ನಮಗೂ. ಒಂದ್ಸಲ ತೋರಿಸ್ಕೊಂಡು ಬರೋಣ್ವಾ?"

ಹೌದು ಅನ್ನಲಿ ಎಂದು ಕಾದರು. ಅಷ್ಟು ಮೃದುವಾಗಿ ಇವರು ಮಾತಾಡಿ ವರ್ಷಗಳೇ ಆಗಿವೆ.

"ನನ್ನ ಕಣ್ಣಿಗೇನಾಗಿದೆ? ಚೆನ್ನಾಗೇ ಕಾಣುತ್ತೆ," ಅಂದೆ.

ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ: "ಒಂದು ತಪ್ಪಾದ್ರೆ ತಪ್ಪು ಅನ್ಬಹುದು. ಹನ್ನೆರಡೂ ತಪ್ಪಾಗ್ಬೇಕಾದ್ರೆ ಎಷ್ಟು ಗಮನ ಇಟ್ಟು ಕಟ್ಟಿರ್ಬೇಕು ನೀನು."

ತಟ್ಟೆ ತೊಳೆದಿಟ್ಟು ಹೋದರು. ತಾವೇ ತೊಳೆದರು.

೧೯ ಮಾರ್ಚ್, ಬುಧವಾರ

ಬರೆಯಲು ಬಿಡುವಾಗಿರಲಿಲ್ಲ. ಮೇಜು ಈಗ ನನ್ನದು. "ಅಕ್ಕ, ನಿನಗಿದು ಮೊದಲೇ ಬರ್ತಿತ್ತೇನೇ?" ಎಂದ ತಮ್ಮ. ದಾರ ಬೇಕಾಗಿಲ್ಲ. ಬೆರಳು ತಾನಾಗಿಯೇ ಹಸಿರನ್ನು ಹುಡುಕುತ್ತದೆ.

ಇವರು ಏಣಿ ಹತ್ತಿ ಫಿಲ್ಟರ್ ಜಾಡಿಸುತ್ತಾರೆ. ಇಳಿಯುವಾಗ ಹುಬ್ಬು ಬೂದಿ.

ಇವತ್ತು ವೆಲ್ಡರ್ ಏಣಿಯ ಕೆಳಗೆ ನಿಂತು ಕೂಗಿದ: "ಸಾರ್, ಸ್ವಲ್ಪ ಆ ಬಕೆಟ್ ಕೊಡಿ. ಕೆಂಪದು. ನೋಡ್ಕೊಂಡು, ಹಸಿರದು ಕೊಟ್ಬಿಟ್ಟೀರಾ!"

ಬರೀ ತಮಾಷೆ. ಅವನಿಗೇನೂ ಗೊತ್ತಿಲ್ಲ.

ಬಕೆಟ್‌ಗಳು ಎರಡೇ. ಒಂದೇ ಅಳತೆ. ಇವರು ಇಳಿದು ಎರಡರ ಮುಂದೆ ನಿಂತರು. ನಿಂತೇ ಇದ್ದರು. ಸುತ್ತಲಿನವರ ನಗು ಸಣ್ಣಗಾಯಿತು. ಇವರು ತಲೆಯೆತ್ತಿ ನನ್ನನ್ನು ಹುಡುಕಿದರು — ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ರಸ್ತೆ ದಾಟುವಾಗ ಹುಡುಕುತ್ತಿದ್ದ ಹಾಗೆಯೇ. ಕೆಂಪು ಇದ್ದದ್ದು ಎಡಗಡೆ. ನಾನು ಗದ್ದ ಅತ್ತ ತಿರುಗಿಸಿದರೆ ಸಾಕಿತ್ತು.

ನಾನು ತಂತಿಯ ತುದಿ ಸುಲಿಯತೊಡಗಿದೆ.

ಬಲಗಡೆಯದನ್ನು ಎತ್ತಿದರು.

ಯಾರೂ ನಗಲಿಲ್ಲ. "ಭಾವ..." ಅಂದ ತಮ್ಮ. "ನಿಜವಾಗ್ಲೂ ಕಾಣಲ್ವಾ?"

೨೩ ಮಾರ್ಚ್, ಭಾನುವಾರ. ಬೆಳಿಗ್ಗೆ ೧೦

ನಾಲ್ಕು ದಿನದಿಂದ ಶೆಡ್ಡಿಗೆ ಹೋಗಿಲ್ಲ ಇವರು. ತಮ್ಮನಿಗೆ ಇವರು ಇವತ್ತಿಗೂ ದಾರದ ವಿಷಯ ಹೇಳಿಲ್ಲ. ಈಗ ಹೇಳಬಹುದು, ಮುಚ್ಚಿಡಲು ಏನೂ ಉಳಿದಿಲ್ಲ. ಆದರೂ ಹೇಳಿಲ್ಲ. ಅದು ನನ್ನನ್ನು ಚುಚ್ಚುತ್ತದೆ ಎಂದು ಇವರಿಗೆ ಗೊತ್ತಿರಬೇಕು.

ಈಗಷ್ಟೇ ಕೋಣೆಯಿಂದ ಕೇಳಿದರು:

"ಇಷ್ಟು ವರ್ಷ ನೀನು ಹೇಳಿದ ಬಣ್ಣದಲ್ಲಿ ಎಷ್ಟು ನಿಜ?"

ಎಲ್ಲವೂ. ಆ ಹನ್ನೆರಡು ಬಿಟ್ಟರೆ ಒಂದೂ ಸುಳ್ಳಿಲ್ಲ. ಹೇಳಲು ಒಂದು ಉಸಿರು ಸಾಕಿತ್ತು.

"ಲೆಕ್ಕ ಇಟ್ಟಿಲ್ಲ ರೀ," ಅಂದೆ.

ಕಪಾಟಿನ ಬಾಗಿಲು ತೆರೆದ ಸದ್ದು. ಇಲ್ಲಿಂದ ಕಾಣುತ್ತಿದೆ. ಶರ್ಟುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಾರೆ. ಒಂದೊಂದನ್ನೂ ಎಷ್ಟೋ ಹೊತ್ತು. ಒಳಗಿಡುತ್ತಿಲ್ಲ, ನೆಲಕ್ಕೆ ಹಾಕುತ್ತಿದ್ದಾರೆ. ಈಗ ಕೈಯಲ್ಲಿರುವುದು ಕಂದು. ಕೊಂಡ ದಿನ ಕಂದು ಎಂದೇ ಹೇಳಿದ್ದೆ. ಅದನ್ನು ಹಿಡಿದುಕೊಂಡು ಈ ಕಡೆಗೇ ಬರುತ್ತಿದ್ದಾರೆ, ಏನೋ ಕೇಳಲು ಬಾಯಿ ತೆರೆ—