ಹವಳದ ಮೇಲೆ ಹಾಸಿದ ಅರಿವೆ

ನಿಪ್ಪಾಣಿ
8 ಡಿಸೆಂಬರ್ 2024

ಪೂಜ್ಯ ಅತ್ತೆಯವರಿಗೆ ಕಾಜಲಳ ಜಯ ಜಿನೇಂದ್ರ.

ಕೈಯಲ್ಲಿ ಫೋನಿದ್ದೂ ಕಾಗದ ಬರೆಯುತ್ತಾಳಲ್ಲ, ಇವಳಿಗೇನಾಯಿತು ಅಂದುಕೊಳ್ಳುತ್ತೀರಿ. ಈ ತಿಂಗಳಲ್ಲಿ ಆರು ಸಲ ಐಗಳಿ ಊರಿಗೆ, ಪೂನಮಕ್ಕನ ಮನೆಗೆ ಫೋನು ಹಚ್ಚಿದೆ. ಪ್ರತಿ ಸಲ ನೀವು "ಹೇಳವಾ ಕಾಜಲ" ಅಂದಿರಿ, ನಾನು ಥಂಡಿಯ ಸುದ್ದಿ, ಊಟದ ಸುದ್ದಿ ಹೇಳಿ ಇಟ್ಟುಬಿಟ್ಟೆ. ನಿನ್ನೆ ಪೂನಮಕ್ಕನೇ ಫೋನು ಮಾಡಿ, ನೀವು ಬಸದಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಸಿದಿರಿ ಅಂದರು. ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು ಒಂದು ತಿಂಗಳಿಂದ ಒಪ್ಪೊತ್ತು ಉಣ್ಣುತ್ತಿದ್ದೀರಿ, ಆರು ಹವಳಗಳ ಜೀವ ತೆಗೆದ ಪಾಪ ಕಳೆಯಲಿ ಅಂತ. ಆ ಲೆಕ್ಕ ತಪ್ಪಿದೆ ಅತ್ತೆ. ಪೂರ್ತಿ ಕೇಳಿ, ನಡುವೆ ಎದ್ದು ಹೋಗಬೇಡಿ.

ಬೇರೆ ಮನೆಯ ಸೊಸೆಯರು ತಿಜೋರಿ ತಂದರೆ ನಾನು ಉಪ್ಪುನೀರಿನ ಗಾಜಿನ ತೊಟ್ಟಿ ತಂದವಳು. "ಇದರಾಗ ಉಪ್ಪಿನಕಾಯಿ ಹಾಕ್ತಿಯೇನವಾ?" ಅಂತ ನಕ್ಕಿರಿ. ಒಳಗಿರುವ ಮೆದು ಹವಳ ಕಲ್ಲಲ್ಲ, ಜೀವ ಅಂತ ತಿಳಿದ ಮೇಲೆ ಹುಬ್ಬು ಗಂಟಿಕ್ಕಿದಿರಿ. ಆದರೂ ಎರಡು ವರ್ಷ ದಿನಾ ಮುಂಜಾನೆ ಬಸದಿಯಿಂದ ಬಂದವರೇ ತೊಟ್ಟಿಯೊಳಗೆ ಇಣುಕಿ, "ಎದ್ದಾವ ನೋಡ ನಿನ್ನ ಕೂಸುಗೋಳು" ಅನ್ನುತ್ತಿದ್ದಿರಿ. ನಿಮ್ಮ ಮಗನಿಗೆ ಅದು ಕರೆಂಟು ತಿನ್ನುವ ಪೆಟ್ಟಿಗೆ, ಅಷ್ಟೇ.

ಚಾತುರ್ಮಾಸ ಬಂತು. ದೀಪಕ್ಕೆ ಹುಳ ಬಂದು ಸಾಯುತ್ತವೆ ಅಂತ ಸಂಜೆಯಾದರೆ ಮನೆಯ ಬಲ್ಬುಗಳನ್ನೆಲ್ಲ ಆರಿಸಿದಿರಿ. ನನ್ನ ಮುಖ ನೋಡಿ ತೊಟ್ಟಿಯ ದೀಪವೊಂದನ್ನು ಬಿಟ್ಟಿರಿ. ಅದರ ಕೆಳಗೆ ಹುಳ ನೀರಿಗೆ ಬೀಳಬಾರದೆಂದು, ಕುಡಿಯುವ ನೀರು ಸೋಸುವ ಅರಿವೆಯನ್ನೇ ನಾಲ್ಕು ಪದರ ಮಡಿಸಿ ತೊಟ್ಟಿಯ ಬಾಯಿಗೆ ಹಾಸಿದಿರಿ. ದಿನಾ ಒಗೆದು ಮತ್ತೆ ಹಾಸಿದಿರಿ. ನಾಲ್ಕು ತಿಂಗಳು ಹವಳಗಳು ಮಬ್ಬು ಬೆಳಕಿನಲ್ಲೇ ಇದ್ದವು. ಬಣ್ಣ ಮಂಕಾಯಿತು, ಒಂದೂ ಸಾಯಲಿಲ್ಲ. ನಾನು ಬಾಯಿ ಬಿಟ್ಟು ಬೇಡ ಅನ್ನಲಿಲ್ಲ, ಒಳಗೊಳಗೇ ಕುದ್ದೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇಲ್ಲ, ಹವಳ ಇದ್ದವು.

ದೀಪಾವಳಿ ಮುಗಿದ ಮೇಲೆ ನನ್ನ ತಮ್ಮ ನಿಖಿಲ ಕೊಲ್ಲಾಪುರದಿಂದ ಹೊಸ ದೀಪ ಕಳಿಸಿದನಲ್ಲ, ಹಳೆಯದಕ್ಕಿಂತ ಮೂರು ಪಟ್ಟು ಜೋರಿನದು. ಅದರ ಜೊತೆ ಬಂದ ಚೀಟಿಯನ್ನು ನಾನು ಓದಲೂ ಇಲ್ಲ. ನಿಮ್ಮ ಅರಿವೆ ಕಿತ್ತು ಮೂಲೆಗೆಸೆದು, ಬೆಳಕನ್ನು ಪೂರ್ತಿ ಏರಿಸಿ, ಈಗ ನೋಡಲಿ ಅಂದುಕೊಂಡೆ. ನಾಲ್ಕನೆಯ ದಿನ ಹವಳಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ನಿಖಿಲನನ್ನು ಕೇಳಿದರೆ, "ಅಕ್ಕಾ, ತಲಿ ಐತೇನ ನಿನಗ? ಮಬ್ಬಿನಾಗ ಇದ್ದದ್ದನ್ನ ಒಮ್ಮಿಂದೊಮ್ಮೆಲೆ ಹಿಂಗ ಸುಡತಾರೇನ? ಮೊದಲ ಐದರಾಗ ಒಂದ ಪಾಲ ಬೆಳಕ ಕೊಡಬೇಕ, ವಾರವಾರಕ್ಕ ಇಷ್ಟಿಷ್ಟ ಏರಸಬೇಕ" ಅಂತ ಬೈದ.

ಫೋನಿಟ್ಟು ತಿರುಗಿದರೆ ನೀವು ಬಾಗಿಲಲ್ಲಿ ನಿಂತಿದ್ದಿರಿ. "ನನ್ನ ಅರಿವಿ ಹಾಸಿದ್ದಕ್ಕ ಹಿಂಗ ಆತೇನವಾ?" ಅಂತ ಕೇಳಿದಿರಿ. ನಾನು "ಹೌದ್ರಿ" ಅಂದೆ.

ನನಗೆ ನಿಜ ಗೊತ್ತಾಗಿ ಒಂದು ನಿಮಿಷವೂ ಆಗಿರಲಿಲ್ಲ. ಹದಿನೈದರಲ್ಲಿ ಆರು ಹವಳ ಎರಡೇ ದಿನದಲ್ಲಿ ಕರಗಿ ಹೋದವು. ನೀವು ಬೆರಳು ಮಡಿಸಿ ಎಣಿಸಿದಿರಿ, ಒಂದೊಂದು ಜೀವಕ್ಕೆ ಒಂದು ತಿಂಗಳು ಒಪ್ಪೊತ್ತು ಅಂತ ನೇಮ ಹಿಡಿದಿರಿ. "ಈ ತೊಟ್ಟಿ ಮುಂದ ಕುಂತ ನನಗ ಅನ್ನ ಇಳಿಯೂದಿಲ್ಲ" ಅಂತ ಐಗಳಿಗೆ, ಮಗಳ ಮನೆಗೆ ಹೋದಿರಿ. ನಾನು ನಿಮ್ಮ ಚೀಲವನ್ನು ಬಸ್ಸಿನ ತನಕ ಹೊತ್ತು ತಂದೆ. ಆಗಲೂ ಹೇಳಲಿಲ್ಲ. ನಿಮ್ಮ ಮಗ, ತಾನೇ ಏನೋ ಅಂದಿರಬೇಕು ಅದಕ್ಕೇ ಅವ್ವ ಹೋದಳು ಅಂತ ಈಗಲೂ ತಲೆ ಕೆಡಿಸಿಕೊಂಡಿದ್ದಾರೆ.

ಉಳಿದ ಒಂಬತ್ತು ಬದುಕಿವೆ. ನೀವು ಹೋದ ದಿನವೇ ಮೂಲೆಯಲ್ಲಿದ್ದ ನಿಮ್ಮ ಅರಿವೆ ಹುಡುಕಿ, ನೀವು ಹಾಸಿದಂತೆಯೇ ನಾಲ್ಕು ಪದರ ಹಾಸಿದೆ. ವಾರಕ್ಕೊಂದರಂತೆ ಬಿಡಿಸುತ್ತ ಬಂದು ಈಗ ಒಂದೇ ಪದರ ಉಳಿದಿದೆ. ಏಳಕ್ಕೆ ಹಸಿರು ಮರಳಿದೆ. ಎರಡು ಇನ್ನೂ ಬಿಳಿಚಿಕೊಂಡಿವೆ, ಏನಾಗುತ್ತದೋ ಗೊತ್ತಿಲ್ಲ.

ದಶಲಕ್ಷಣ ಪರ್ವ ಮುಗಿದ ದಿನ ಎಲ್ಲರೂ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಅನ್ನುತ್ತೇವೆ. ಯಾವ ತಪ್ಪು ಅಂತ ಯಾರೂ ಕೇಳುವುದಿಲ್ಲ, ಅದಕ್ಕೇ ಅದು ಸುಲಭ. ಹವಳ ಸುಟ್ಟದ್ದು ತಿಳಿಯದೆ. ನಿಮಗೆ ಸುಳ್ಳು ಹೇಳಿದ್ದು ತಿಳಿದೇ. ಇದಕ್ಕೆ ಬೇರೆಯಾಗಿ ಕ್ಷಮೆ ಬೇಡುತ್ತಿದ್ದೇನೆ. ನೀವು ಕೊಡದಿದ್ದರೂ ನ್ಯಾಯವೇ.

ಇವತ್ತಿನಿಂದ ಆ ನೇಮ ನನ್ನದು, ಉಳಿದ ಐದು ತಿಂಗಳು ನಾನು ಮುಗಿಸುತ್ತೇನೆ. ನೀವು ಹೊತ್ತು ಮುಳುಗುವುದರೊಳಗೆ ಒಂದು ರೊಟ್ಟಿ ಉಣ್ಣಿ, ಗುಳಿಗೆ ತೆಗೆದುಕೊಳ್ಳಿ. ಮನೆಗೆ ಬನ್ನಿ ಅನ್ನಲು ನನಗೆ ಬಾಯಿಲ್ಲ. ಆಸೆ ಬಹಳ ಇದೆ.

ನಿಮ್ಮ ಸೊಸೆ,
ಕಾಜಲ

ತಾ.ಕ.: ಪೂನಮಕ್ಕ, ಅತ್ತೆಯವರ ಕಣ್ಣಿನ ಪೊರೆ ತೆಗೆಸುವ ತನಕ ಅವರ ಕಾಗದ ಓದಿ ಹೇಳುವವರು ನೀವೇ ಎಂದು ಗೊತ್ತಿದ್ದೇ ಬರೆದಿದ್ದೇನೆ. ನಿಮ್ಮ ತಮ್ಮನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಲಕೋಟೆಗೆ ಅಂಟು ಹಚ್ಚಿಲ್ಲ. ದಾರಿಯಲ್ಲಿ ಅವರೂ ಓದಲಿ. ನಾನು "ಹೌದ್ರಿ" ಅಂದ ಜಾಗ ಬಂದಾಗ ನನ್ನ ಮಾನ ಕಾಯಲೆಂದು ಹಾರಿಸಿ ಓದಬೇಡಿ. ಪಡಸಾಲೆಯಲ್ಲಿ ನಿಮ್ಮ ಮಾವನವರು ಕುಳಿತಿದ್ದರೂ ದನಿ ತಗ್ಗಿಸಬೇಡಿ.