ಹಸಿರು ಪೇರಲಕ್ಕೂ ಕೊಡಲಿಯೇ?

ನಮ್ಮ ಗಿಡಗಂಟಿಗಳ ಹಣೆಬರಹ ಬರೆಯುವ ಮಾನ್ಯ ಕೃಷಿ ಅಧಿಕಾರಿಗಳೇ,

ಬರುವ ಸೋಮವಾರ ಕೆರೂರಿನ ಹತ್ತಿರದ ನನ್ನ ಪೇರಲ ತೋಟಕ್ಕೆ ರೋಗ ಹತ್ತಿದೆ, ಅದನ್ನು ಬುಡಸಮೇತ ಕಡಿಯಬೇಕೆಂದು ತಮ್ಮ ಹುಕುಂ ಬಂದಿದೆ. ನಾನು ಕಡಿಯುವುದಿಲ್ಲ. ಕಡಿಯಲು ಬಿಡುವುದೂ ಇಲ್ಲ. ತಮ್ಮ ಕಚೇರಿಯಲ್ಲಿ ಕೇಳುವ ಕಿವಿ ಸಿಗದ್ದರಿಂದ ಊರಿಗೆಲ್ಲ ಕೇಳುವಂತೆ ಈ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ತಮ್ಮ ಮೊದಲ ಹುಕುಂ ಬಂತು: ಬದುವಿನ ಮೇಲಿನ ಬಾರಿಹಣ್ಣಿನ ಮುಳ್ಳುಗಂಟಿಗಳಲ್ಲಿ ಕಣ್ಣಿಗೆ ಕಾಣದ ಬೂಷ್ಟು ಮನೆ ಮಾಡಿದೆ, ಅದು ಹಣ್ಣಿನ ತೋಟಗಳಿಗೆ ಹತ್ತುತ್ತದೆ, ಆದ್ದರಿಂದ ಎಲ್ಲವನ್ನೂ ಕಿತ್ತುಹಾಕಿರಿ. ಬೂಷ್ಟಿನ ಮಾತು ಖರೆಯೇ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಿತ್ತ ಮುಳ್ಳನ್ನು ಏನು ಮಾಡಬೇಕೆಂದು ಒಂದಕ್ಷರವೂ ಇರಲಿಲ್ಲ. ಈ ಸೀಮೆಯಲ್ಲಿ ಬಾರಿಮುಳ್ಳು ಸಿಕ್ಕರೆ ಯಾರಾದರೂ ಸುಡುತ್ತಾರೆಯೇ? ಬೇಲಿ ಹಚ್ಚುತ್ತಾರೆ. ನಾವೂ ಹಚ್ಚಿದೆವು, ಪೇರಲ ಗಿಡಗಳಿಗೆ ಒತ್ತಿ, ಎದೆಮಟ್ಟ. ಮಳೆಗೆ ಆ ಒಣಮುಳ್ಳು ನೆನೆಯಿತು, ಮೈತುಂಬ ಕರಿ ಚುಕ್ಕೆ ಎದ್ದವು. ಆಮೇಲೆ ಬೇಲಿಗೆ ತಾಗಿದ ಟೊಂಗೆಗಳು ತುದಿಯಿಂದ ಒಣಗತೊಡಗಿದವು, ಕಾಯಿ ಕಪ್ಪಾದವು. ನನ್ನ ಯಜಮಾನರು ಕೈಯಾರೆ ನೆಟ್ಟ ಗಿಡಗಳವು. ಅವರು ಹೋದ ಮೇಲೆ ನನ್ನ ಹೊಟ್ಟೆ ತುಂಬಿಸಿದ್ದೂ ಅವೇ. ಕಪ್ಪು ಕಾಯಿ ಕೈಯಲ್ಲಿ ಹಿಡಿದು ಅತ್ತಿದ್ದೇನೆ, ಹೇಳಲು ನನಗೆ ನಾಚಿಕೆಯಿಲ್ಲ.

ಇನ್ನು ಉತ್ತರದ ಬದುವಿಗೆ ಬನ್ನಿ. ಅದು ನೆರೆಹೊಲದ ಹಜರತಬಿಯದು. ಅವಳು ತಮ್ಮ ಹುಕುಮಿಗೆ ಸೊಪ್ಪು ಹಾಕಲಿಲ್ಲ. "ಹಸೀ ಬಾರಿ ಕಿತ್ತರ ನನ್ನ ಆಡು ಏನ್ ತಿನ್ನಬೇಕ್ರಿ, ನಿಮ್ಮ ಸಾಹೇಬ್ರ ಕಾಗದಾನ?" ಎಂದು ಸಿಪಾಯಿಯನ್ನು ವಾಪಸು ಕಳಿಸಿದಳು. ಅಲ್ಲಿ ಬಾರಿ ಇನ್ನೂ ಹಸಿರಾಗಿ ನಿಂತಿದೆ. ಅದರ ಪಕ್ಕದ ನನ್ನ ಪೇರಲ ಸಾಲಿನಲ್ಲಿ ಒಂದು ಎಲೆಯೂ ಬಾಡಿಲ್ಲ. ಜೀವಂತ ಗಿಡದಲ್ಲಿ ಸುಮ್ಮನಿದ್ದ ಬೂಷ್ಟು, ನಾವು ಗಿಡ ಕೊಂದು ಒಣಗಿಸಿದ ಮೇಲೆ ಹೊರಬಿತ್ತೇ? ನನಗೆ ಹಾಗನಿಸುತ್ತದೆ. ತಮಗೆ ಬೇರೆ ಅನಿಸಿದರೆ ಬಂದು ನೋಡಬಹುದಿತ್ತು. ತಮ್ಮ ಇನ್ಸ್‌ಪೆಕ್ಟರು ಬಂದರು, ಆದರೆ ಜೀಪಿನಿಂದ ಇಳಿಯಲಿಲ್ಲ.

"ಇಳದು ಆ ಸಾಲೊಂದು ನೋಡ್ರಿ" ಎಂದೆ.

"ಮ್ಯಾಲಿಂದ ಹುಕುಂ ಆಗೇದ್ರಿ ಬಾಯಾರ, ಇನ್ನ ನೋಡಿ ಏನ್ ಮಾಡೂದದ?" ಎಂದರು.

ಎಂಥ ದಕ್ಷತೆ! ನೋಡದೆಯೇ ರೋಗ ಕಂಡುಹಿಡಿಯುವ ಇಂಥ ವೈದ್ಯರು ದವಾಖಾನೆಗಳಲ್ಲಿ ಇಲ್ಲವಲ್ಲ ಎಂಬುದೇ ನಮ್ಮ ಪುಣ್ಯ.

ಕಡಿಯುವ ಹುಕುಂ ರದ್ದಾಗಲಿ. ಒಣ ಬೇಲಿ ಸುಡಿರಿ, ಹಸಿರು ಬಾರಿ ಮುಟ್ಟಬೇಡಿರಿ ಎಂದು ತಾಲೂಕಿಗೆಲ್ಲ ಡಂಗುರ ಹೊಡೆಸಿರಿ. ನನ್ನ ಬೇಲಿಯನ್ನು ನಾನು ಆಗಲೇ ಸುಟ್ಟೆ, ರೋಗದ ಟೊಂಗೆಗಳನ್ನೂ ಕತ್ತರಿಸಿ ಅದೇ ಬೆಂಕಿಗೆ ಹಾಕಿದೆ. ಸೋಮವಾರ ಹಜರತಬಿ ಮತ್ತು ನಾನು ಪೇರಲದ ಬುಡದಲ್ಲಿ ರೊಟ್ಟಿ ಬುತ್ತಿ ಬಿಚ್ಚಿ ಕೂತಿರುತ್ತೇವೆ. ಕಡಿಯಲು ಬರುವವರು ಮೊದಲು ನಮ್ಮಿಬ್ಬರನ್ನು ಎತ್ತಿ ಆಚೆ ಇಡಬೇಕಾಗುತ್ತದೆ.

ಇಂತಿ,
ಒಮ್ಮೆ ತಮ್ಮ ಮಾತು ಕೇಳಿ ಅರ್ಧ ಫಸಲು ಕಳೆದುಕೊಂಡ,
ಅನಸೂಯಾಬಾಯಿ, ಕೆರೂರ