ಆನೆಯ ಹಿಂದಿನ ಗಂಟನ್ನು ಬಿಚ್ಚಬೇಡಿ

ಹಳೆಯ ಚಿನ್ನದ ಗಣಿ, ಏಳನೆಯ ಮಟ್ಟ,
ಯುದ್ಧಾಸ್ಪತ್ರೆ,
೩೦ ಫೆಬ್ರವರಿ ೨೧೮೧

ಧಾರವಾಡದ ಶ್ರೀಮತಿ ಸುನೇತ್ರಾ ಹಂಪಿಹೊಳಿ ಅವರಿಗೆ, ನೂರೈವತ್ತೈದು ವರ್ಷ ಮುಂದಿನಿಂದ ಸರಯೂ ಬೆಣ್ಣೂರಳ ನಮಸ್ಕಾರಗಳು.

ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯ ಸರಿಪಡಿಸಲು ನಮ್ಮವರು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಯುದ್ಧ ನಿಲ್ಲಿಸಲಾಗದ ಸರಕಾರ ಕ್ಯಾಲೆಂಡರನ್ನಾದರೂ ತಿದ್ದಬೇಕಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕಾಲೇಜಿನಲ್ಲಿ ಹಳಗನ್ನಡ ಕಲಿಸುತ್ತಿದ್ದವಳು. ನಮ್ಮಲ್ಲಿ ಹಳಗನ್ನಡವೆಂದರೆ ನಿಮ್ಮ ಕನ್ನಡ.

ಕಾಲೇಜು ಮುಚ್ಚಿದ ಮೇಲೆ ರೇಷನ್ ಲಾರಿ ಓಡಿಸಿದೆ. ಲಾರಿಯ ಮೇಲೆ ಬಾಂಬು ಬಿದ್ದು ಬಲಗೈಯ ಬೆರಳುಗಳು ಜೀವ ಕಳೆದುಕೊಂಡವು. ಇಲ್ಲಿ ನಲವತ್ತು ಮಂಚಗಳಿವೆ. ಬಿಸಿಲನ್ನು ಕನ್ನಡಿಗಳಿಂದ ಕೆಳಗಿಳಿಸುವ ಕೊಳವೆಗೆ ಹಗಲುಬತ್ತಿ ಎನ್ನುತ್ತೇವೆ. ದಿನಕ್ಕೆ ನಾಲ್ಕು ಗಂಟೆ ಅದು ಬೆಳಗುತ್ತದೆ, ಆಗ ಎಲ್ಲರ ಮಂಚವೂ ಅದರತ್ತ ತಿರುಗುತ್ತದೆ. ಊಟಕ್ಕೆ ಪಾಚಿರೊಟ್ಟಿ. ಮುಖ ಸಿಂಡರಿಸಬೇಡಿ, ಶೇಂಗಾ ಚಟ್ನಿಪುಡಿ ಇದ್ದರೆ ಇಳಿಯುತ್ತದೆ. ಎಚ್ಚರಗೊಳ್ಳದ ಕೈಯನ್ನು ಕತ್ತರಿಸಿ ಒಪ್ಪುಗೈ ಜೋಡಿಸುತ್ತಾರೆ, ಅಂದರೆ ಹೇಳಿದ್ದಕ್ಕೆಲ್ಲ ಒಪ್ಪುವ ಲೋಹದ ಕೈ. ಬಹಳ ವಿಧೇಯ, ಆದರೆ ಹಿಡಿದದ್ದು ಮಗುವಿನ ಬೆರಳೋ ಪೊರಕೆಯ ಹಿಡಿಯೋ ಅದಕ್ಕೆ ತಿಳಿಯದು. ನನಗೆ ನನ್ನ ಅವಿಧೇಯ ಕೈಯೇ ಬೇಕಿತ್ತು.

ಮುಚ್ಚಿಹೋದ ಒಂದು ವಸ್ತುಸಂಗ್ರಹಾಲಯದ ಸಾಮಾನನ್ನು ನಮ್ಮ ಉಗ್ರಾಣದಲ್ಲಿ ತುಂಬಿದ್ದರು. ಅದರಲ್ಲಿ ಕಸೂತಿ ಕಿಟ್ಟುಗಳ ರಾಶಿಯೇ ಇತ್ತು. ನಿಮ್ಮ ಹವ್ಯಾಸ ನಮಗೆ ಚಿಕಿತ್ಸೆಯಾಯಿತು. ಬೆರಳಿನ ವ್ಯಾಯಾಮ ಮಾಡಿಸುವ ನರ್ಸ್ ಗೌರಕ್ಕ ನನ್ನ ಮಡಿಲಿಗಿಟ್ಟದ್ದು ನಿಮ್ಮ ತಗಡಿನ ಡಬ್ಬಿಯನ್ನು. ಮುಚ್ಚಳದ ಮೇಲೆ ನಿಮ್ಮ ಹೆಸರು, ವಿಳಾಸ, ತಾರೀಖು, ಮತ್ತು ‘ಮುಗಿಸಿಯೇ ತೀರುತ್ತೇನೆ’ ಎಂಬ ಪ್ರತಿಜ್ಞೆ. ಒಳಗೆ ಒಂಟಿಕಾಲಿನ ಆನೆ. ನಾಲ್ಕರಲ್ಲಿ ಒಂದೇ ಕಾಲು ಹೊಲಿದಿದ್ದಿರಿ. ಲೆಕ್ಕದ ಮೇಷ್ಟರೂ ಅದನ್ನು ಕಾಲು ಎಂದೇ ಕರೆಯುತ್ತಾರೆ.

ಬಟ್ಟೆಯ ಹಿಂಬದಿಯಲ್ಲಿ ಒಂದು ಗಂಟು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಗೌರಕ್ಕ ಬಟ್ಟೆ ತಿರುವಿ ನೋಡಿ, “ಇದನ್ನ ಹಾಕಿದಾಕಿ ಯಾರರೀ? ಆನಿಗೆ ಬೆನ್ನಾಗ ಬಾವು ಬಂದಂಗ ಅದ,” ಅಂದರು. ಗಂಟನ್ನು ಹಾಗೇ ಬಿಟ್ಟು ಮುಂದುವರಿದೆ.

ಹನ್ನೊಂದು ವಾರದಲ್ಲಿ ಮೂರು ಕಾಲು ಹೊಲಿದೆ. ಪಕ್ಕದ ಮಂಚದ ಹಿರಿಯೂರಿನ ಸಿಪಾಯಿ ತಿಪ್ಪೇಶಿಗೆ ಎಡಗೈ ಸತ್ತಿದೆ. ಅವನು ನನಗಾಗಿ ಬಟ್ಟೆಯ ಎಳೆ ಎಣಿಸುತ್ತ, ಇದು ಆನೆಯೋ ಎಮ್ಮೆಯೋ ಮೊದಲು ತೀರ್ಮಾನ ಮಾಡಿ ಮೇಡಮ್ಮೋರೆ ಎಂದು ಕಾಡುತ್ತಿದ್ದ. ಗುಟ್ಟಾಗಿ ತಾನೇ ಹೊಲಿದುಕೊಡುತ್ತೇನೆಂದೂ ಅಂದ. ಬೇಡವೆಂದೆ.

ಕೈ ಇರಬೇಕೋ ಹೋಗಬೇಕೋ ಎಂಬ ತೀರ್ಮಾನದ ದಿನ ಡಾಕ್ಟರ್ ಲೋಬೋ ಬಟ್ಟೆ ನೋಡಿ, ಇಷ್ಟನ್ನು ಎಡಗೈಯಲ್ಲೂ ಹೊಲಿಯಬಹುದು ಎಂದು ಮೆಲ್ಲನೆ ಹೇಳಿ, ಕೈ ಕತ್ತರಿಸುವ ದಿನ ಬರೆದರು. ಸುಳ್ಳೆನ್ನಲಾರೆ, ಎಡಗೈ ಬಹಳ ಸಲ ನೆರವಾಗಿತ್ತು. ಅರ್ಧ ಗಂಟೆ ಕೊಡಿ ಎಂದೆ. ಬಟ್ಟೆಯನ್ನು ತಿರುವಿ ಮೇಜಿಗೆ ಬಿಗಿಸಲು ಹೇಳಿ, ಎಡಗೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತೆ. ಬಲಗೈಯಲ್ಲಿ ಸೂಜಿ ಹಿಡಿದು ನಿಮ್ಮ ಗಂಟಿಗೆ ಕೈಹಾಕಿದೆ. ನೂರೈವತ್ತೈದು ವರ್ಷದಲ್ಲಿ ಅದು ಕಲ್ಲಾಗಿತ್ತು. ಸೂಜಿ ಮೂರು ಸಲ ಬಿತ್ತು. ಮೂರು ಸಲವೂ ನಾನೇ ಬಗ್ಗಿ ಎತ್ತಿಕೊಂಡೆ. ಗೌರಕ್ಕ ಸೆರಗನ್ನು ಹಿಂಡುತ್ತ ನಿಂತಿದ್ದರೇ ಹೊರತು ಮುಟ್ಟಲಿಲ್ಲ. ಇಪ್ಪತ್ತನಾಲ್ಕನೇ ನಿಮಿಷಕ್ಕೆ ಒಂದು ಎಳೆ ಸಡಿಲವಾಯಿತು. ಹೆಬ್ಬೆರಳು, ತೋರುಬೆರಳು ಅದನ್ನು ಚಿವುಟಿ ಹಿಡಿದು ಎಳೆದವು. ಗಂಟು ಬಿಚ್ಚಿತು. ಡಾಕ್ಟರು ತಾರೀಖನ್ನು ಹೊಡೆದುಹಾಕಿ ಬರೆದರು: “ಕೈ ಇರಲಿ.”

ಈ ವಕ್ರ ಅಕ್ಷರಗಳು ಆ ಕೈಯವೇ.

ಈಗ ಕೇಳಿ. ಮುಚ್ಚಳದ ಮೇಲಿನ ತಾರೀಖಿನ ಮರುದಿನಕ್ಕೇ ಈ ಕಾಗದ ಕಳಿಸುತ್ತಿದ್ದೇನೆ, ಅಂದರೆ ನೀವು ಗಂಟು ಹಾಕಿದ್ದು ನಿನ್ನೆ. ಯಾರೋ ಬಲ್ಲವರು ಇವತ್ತು ತಪ್ಪು ತೋರಿಸಿರಬಹುದು, ನಿಮ್ಮ ಕೈಯಲ್ಲಿ ಕತ್ತರಿ ಇರಬಹುದು. ದಯವಿಟ್ಟು ಕೆಳಗಿಡಿ. ಗಂಟು ಬಿಚ್ಚಬೇಡಿ, ಆನೆ ಮುಗಿಸಬೇಡಿ. ನಾಚಿಕೆಯಾದರೆ ಡಬ್ಬಿಯನ್ನು ಕಪಾಟಿನ ಮೇಲೆ ಬಚ್ಚಿಡಿ.

ಇನ್ನೊಂದು ಕೋರಿಕೆ. ಇನ್ನು ಮೂರು ವಾರಕ್ಕೆ ತಿಪ್ಪೇಶಿಯ ಸರದಿ. ಡಾಕ್ಟರು ಈಗ ಹಳೆಯ ಗಂಟು ಬಿಚ್ಚುವುದನ್ನೇ ಎಲ್ಲರಿಗೂ ಪರೀಕ್ಷೆಯಾಗಿ ಇಟ್ಟುಬಿಟ್ಟಿದ್ದಾರೆ. ನಾವು ಇಲ್ಲಿ ಹಾಕಿದ ಹೊಸ ಗಂಟು ಒಂದೇ ನಿಮಿಷದಲ್ಲಿ ಬಿಚ್ಚುತ್ತದೆ, ಡಾಕ್ಟರು ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಇನ್ನೊಂದು ಕಿಟ್ಟು ಕೊಳ್ಳಿ. ಅವನಿಗೆ ನವಿಲು ಬೇಕಂತೆ. ಕೊಕ್ಕಿನಷ್ಟು ಹೊಲಿದು, ದಾರವನ್ನು ನೀರಲ್ಲಿ ಅದ್ದಿ, ಮೈಯ ಬಲವೆಲ್ಲ ಹಾಕಿ ಗಂಟು ಬಿಗಿದು, ಅಲ್ಲಿಗೇ ಬೇಸರಪಟ್ಟು ಬಿಟ್ಟುಬಿಡಿ. ಮುಚ್ಚಳದ ಮೇಲೆ ತಿಪ್ಪೇಶಿ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಉಗ್ರಾಣದಲ್ಲಿ ಇನ್ನೂ ಮುನ್ನೂರು ಡಬ್ಬಿಗಳಿವೆ. ಗೌರಕ್ಕ ಬೀಗದ ಕೈ ತಂದಿದ್ದಾರೆ, ಈ ಕಾಗದ ಮಡಚಿದೊಡನೆ ಆ ಹೆಸರಿನ ಡಬ್ಬಿ ಹುಡುಕಲು ಹೋಗುತ್ತಿದ್ದೇವೆ.